ಟಾಮ್ ನಿಜವಾಗಿಯೂ ಪಿಯಾನೊ ನುಡಿಸುತ್ತಾನೆಯೇ?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಒಂದು ವರ್ಷದಿಂದ ಕೀಬೋರ್ಡ್ ಕಲಿಯುತ್ತಿದ್ದಾಳೆ. ಟಾಮ್ ಕಪ್ಪು ಕೋಟು ತೊಟ್ಟು ವೇದಿಕೆಯ ಮೇಲೆ ಪಿಯಾನೊ ಕಛೇರಿ ಕೊಡುವ ‘ಟಾಮ್ ಅಂಡ್ ಜೆರ್ರಿ’ ಕಾರ್ಟೂನ್ ಇದೆಯಲ್ಲ, ಅದನ್ನು ಹತ್ತಾರು ಸಲ ನೋಡಿದ್ದಾಳೆ. “ಅಪ್ಪಾ, ಬೆಕ್ಕು ಸುಮ್ನೆ ಕೈ ಆಡಿಸ್ತಿಲ್ಲ, ಸರಿಯಾದ ಕೀನೇ ಒತ್ತುತ್ತಿದೆ” ಎಂದು ಹಟ ಹಿಡಿದಿದ್ದಾಳೆ. ನಾನೂ ನಿಲ್ಲಿಸಿ ನಿಲ್ಲಿಸಿ ನೋಡಿದೆ, ಹೌದೇನೋ ಅನ್ನಿಸಿತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದನ್ನು ಹೇಗೆ ಮಾಡಿದರು? ಸಂಗೀತ ಮೊದಲೋ, ಚಿತ್ರ ಮೊದಲೋ? ಜೊತೆಗೆ, ಇದು ಬಗ್ಸ್ ಬನ್ನಿ ಎಂಬ ಮೊಲದ ಕಾರ್ಟೂನೊಂದರಿಂದ ಕದ್ದದ್ದು ಎಂದು ಗೆಳೆಯರೊಬ್ಬರು ಹೇಳಿದರು. ನಿಜವೇ?

ಉತ್ತರ: ನಿಮ್ಮ ಮಗಳ ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಅವಳ ಕಣ್ಣಿಗೆ ಮಂಕುಬೂದಿ ಎರಚಿದವರ ಜಾಣತನ. ನನಗಂತೂ ಆ ಕಾಲು ಪಾಲೇ ಹೆಚ್ಚು ರುಚಿ.

ಅವಳಿಗೆ ಮೊದಲು ಒಂದು ಕೆಲಸ ಕೊಡಿ: ಟಾಮ್‌ನ ಒಂದು ಕೈಯಲ್ಲಿ ಎಷ್ಟು ಬೆರಳಿವೆ ಎಂದು ಎಣಿಸಲಿ. ನಾಲ್ಕೇ. ಹೆಬ್ಬೆರಳು ಒಂದು, ಉಳಿದವು ಮೂರು. ಆ ಕಾಲದ ಹಾಲಿವುಡ್ ಕಾರ್ಟೂನುಗಳಲ್ಲಿ ಬಹುಪಾಲು ಪ್ರಾಣಿಗಳ ಕೈ ಹಾಗೇ. ಸಾವಿರಗಟ್ಟಲೆ ಸಲ ಬರೆಯಬೇಕಾದ ಕೈಯಲ್ಲಿ ಒಂದೊಂದು ಬೆರಳು ಕಡಿಮೆಯಾದರೂ ದೊಡ್ಡ ಉಳಿತಾಯ. ಮೇಲಾಗಿ ಐದು ಬೆರಳಿನ ಸಣ್ಣ ಕೈ ತೆರೆಯ ಮೇಲೆ ಬಾಳೆಹಣ್ಣಿನ ಚಿಪ್ಪಿನ ಹಾಗೆ ಕಾಣುತ್ತದೆ. ಆದರೆ ಟಾಮ್ ನುಡಿಸುತ್ತಿರುವ ಕೃತಿಯನ್ನು ಬರೆದವನು ಹಂಗೇರಿಯ ಪಿಯಾನೊ ವಾದಕ, ಸಂಯೋಜಕ ಫ್ರಾಂಜ್ ಲಿಸ್ಟ್. ಅದಕ್ಕೆ ಹತ್ತು ಬೆರಳೇ ಸಾಲುವುದಿಲ್ಲ, ಇನ್ನು ಎಂಟು ಬೆರಳಿನ ಬೆಕ್ಕಿನ ಪಾಡೇನು? ಹಾಗಾಗಿ ಒಂದೊಂದು ಸ್ವರಕ್ಕೂ ಸರಿಯಾದ ಬೆರಳು ಸರಿಯಾದ ಕೀ ಮೇಲೆ ಬೀಳುತ್ತಿದೆ ಎಂಬುದು ಸಾಧ್ಯವೇ ಇಲ್ಲದ ಮಾತು.

ಮತ್ತೆ ಸರಿಯಾಗಿರುವುದು ಏನು? ಯಾವ ಕೈ, ಕೀಬೋರ್ಡಿನ ಯಾವ ಭಾಗ, ಯಾವ ಕ್ಷಣ, ಎಷ್ಟು ಭಾರ. ತಗ್ಗು ಸ್ವರ ಕೇಳಿದಾಗ ಎಡಗೈ ಎಡಕ್ಕಿದೆ, ತಾರಸ್ಥಾಯಿಯಲ್ಲಿ ಕಿಣಿಕಿಣಿ ಎಂದಾಗ ಬಲಗೈ ಬಲತುದಿಯಲ್ಲಿದೆ. ಭಾರದ ಸ್ವರಗುಚ್ಛಕ್ಕೆ ಭುಜ ಇಳಿಯುತ್ತದೆ, ಹಗುರವಾದದ್ದಕ್ಕೆ ಮಣಿಕಟ್ಟು ಮಾತ್ರ ಕುಣಿಯುತ್ತದೆ. ಇವು ಸರಿಹೊಂದಿದರೆ ಸಾಕು, ಬೆರಳುಗಳ ಲೆಕ್ಕವನ್ನು ನಮ್ಮ ತಲೆ ತಾನಾಗಿ ತುಂಬಿಕೊಳ್ಳುತ್ತದೆ. ಕಛೇರಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತವರು ವೀಣೆಯವರ ಬೆರಳನ್ನು ನೋಡಿರುತ್ತಾರೆಯೇ? ತೋಳು ಸರಿದದ್ದನ್ನು ನೋಡಿ ಬೆರಳನ್ನೇ ಕಂಡೆವು ಎಂದುಕೊಳ್ಳುತ್ತಾರೆ.

ಕಾರ್ಟೂನಿನ ಹೆಸರು ‘ದಿ ಕ್ಯಾಟ್ ಕನ್ಸರ್ಟೊ’. ಎಂಜಿಎಂ ಸ್ಟುಡಿಯೊದ್ದು, ನಿರ್ದೇಶನ ವಿಲಿಯಂ ಹಾನ್ನಾ ಮತ್ತು ಜೋಸೆಫ್ ಬಾರ್ಬೆರಾ, ಸಂಗೀತದ ಉಸ್ತುವಾರಿ ಸ್ಕಾಟ್ ಬ್ರಾಡ್ಲಿ, ಅನಿಮೇಶನ್ ಕೆನೆತ್ ಮ್ಯೂಸ್, ಎಡ್ ಬಾರ್ಜ್ ಮತ್ತು ಅರ್ವೆನ್ ಸ್ಪೆನ್ಸ್. 1946ರ ಸಾಲಿನ ಅತ್ಯುತ್ತಮ ಕಾರ್ಟೂನ್ ಕಿರುಚಿತ್ರವೆಂದು ಆಸ್ಕರ್ ಗೆದ್ದಿತು. ಟಾಮ್ ಮತ್ತು ಜೆರ್ರಿಗೆ ಅದು ಸತತ ನಾಲ್ಕನೆಯ ವರ್ಷದ ಆಸ್ಕರ್. ಪ್ರತಿಮೆ ಹೋದದ್ದು ಮಾತ್ರ ನಿರ್ಮಾಪಕ ಫ್ರೆಡ್ ಕ್ವಿಂಬಿಯ ಕೈಗೆ. ಚಿತ್ರ ಬರೆದವರೂ ತಾಳ ಹಾಕಿದವರೂ ಚಪ್ಪಾಳೆ ತಟ್ಟುತ್ತ ಕೂತಿರಬೇಕಾಗಿದ್ದ ಕಾಲ ಅದು.

ಈಗ ‘ಹೇಗೆ’ ಎಂಬುದಕ್ಕೆ ಬರುತ್ತೇನೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಓಡುತ್ತದೆ, ನಿಮಿಷಕ್ಕೆ 1440. ಅನಿಮೇಶನ್ನಿನವರ ತಾಳದ ಲೆಕ್ಕವೆಲ್ಲ ಈ ಒಂದು ಸಂಖ್ಯೆಯ ಮೇಲೆ ನಿಂತಿದೆ. ಸಂಗೀತಗಾರ “ನಿಮಿಷಕ್ಕೆ 120 ಬೀಟ್” ಎಂದರೆ ಇವರು “12ರ ಬೀಟ್” ಎನ್ನುತ್ತಾರೆ. ಅಂದರೆ ಹನ್ನೆರಡು ಫ್ರೇಮಿಗೊಂದು ಪೆಟ್ಟು. ನಿಮಿಷಕ್ಕೆ 180 ಆದರೆ 8ರ ಬೀಟ್. ಹೀಗೆ ಅಳೆದರೆ ಸಂಗೀತವೂ ಚಿತ್ರವೂ ಒಂದೇ ಅಳತೆಗೋಲಿಗೆ ಬರುತ್ತವೆ. ಬೆಕ್ಕು ಎರಡು ಹೆಜ್ಜೆ ಇಡಲು ಎಷ್ಟು ಫ್ರೇಮ್ ಬೇಕೋ ಅಷ್ಟೇ ಫ್ರೇಮಿನಲ್ಲಿ ಎರಡು ಸ್ವರ ಬರುವಂತೆ ಮೊದಲೇ ಹೊಂದಿಸಬಹುದು.

ಹಾನ್ನಾನ ಪ್ರತಿಭೆ ಇದ್ದದ್ದು ಇಲ್ಲೇ. ಇಬ್ಬರಲ್ಲಿ ಬಾರ್ಬೆರಾ ಹಾಸ್ಯ ಹೊಸೆದು ಚಿತ್ರದಲ್ಲಿ ಕಥೆ ಬರೆಯುವವನು. ಹಾನ್ನಾ ಅದನ್ನು ಕಾಲಕ್ಕೆ ಕಟ್ಟುವವನು. ಸ್ವರಲಿಪಿಯ ಹಾಳೆಯಂತೆಯೇ ಕಾಣುವ ಹಾಳೆಯ ಮೇಲೆ ‘ಇಲ್ಲಿ ಜೆರ್ರಿ ಇಣುಕುತ್ತಾನೆ, ಇಲ್ಲಿ ಟಾಮ್ ಕಣ್ಣು ತೆರೆಯುತ್ತಾನೆ, ಇಷ್ಟು ಫ್ರೇಮ್ ಅಲ್ಲಾಡದೆ ನಿಲ್ಲುತ್ತಾನೆ’ ಎಂದು ಎಲ್ಲವನ್ನೂ ಬೀಟ್ ಲೆಕ್ಕದಲ್ಲಿ ಗುರುತು ಹಾಕುತ್ತಿದ್ದ. ಅನಿಮೇಟರಿಗೆ ಹೋಗುವ ಎಕ್ಸ್‌ಪೋಶರ್ ಶೀಟಿನಲ್ಲಿ ಒಂದೊಂದು ಫ್ರೇಮಿಗೆ ಒಂದೊಂದು ಗೆರೆ. ಬದಿಯ ಅಂಕಣದಲ್ಲಿ ಆ ಫ್ರೇಮಿನಲ್ಲಿ ಯಾವ ಶಬ್ದ, ಇನ್ನೊಂದರಲ್ಲಿ ಯಾವ ಚಿತ್ರ. ದಿನಸಿ ಅಂಗಡಿಯ ಲೆಕ್ಕದ ಪುಸ್ತಕದಷ್ಟೇ ನೀರಸವಾದ ಹಾಳೆ ಅದು. ನಮ್ಮ ನಗು ನಿಂತಿರುವುದು ಮಾತ್ರ ಅದರ ಮೇಲೆ.

ಮಾಮೂಲಿ ಟಾಮ್ ಅಂಡ್ ಜೆರ್ರಿಯಲ್ಲಿ ಚಿತ್ರ ಮೊದಲು, ಸಂಗೀತ ಆಮೇಲೆ. ಬೀಟಿನ ಲೆಕ್ಕ ಮಾತ್ರ ಮೊದಲೇ ಗೊತ್ತಿರುತ್ತದೆ. ಬ್ರಾಡ್ಲಿ ಆ ಹಾಳೆ ನೋಡಿಕೊಂಡು ಸಂಗೀತ ಬರೆಯುತ್ತಿದ್ದ. ವಾದ್ಯದವರು ಕಿವಿಗೆ ಹಾಕಿಕೊಂಡ ‘ಟಿಕ್ ಟಿಕ್’ ಸದ್ದಿಗೆ ಸರಿಯಾಗಿ ನುಡಿಸುತ್ತಿದ್ದರು. ಆದರೆ ಕಛೇರಿಯೇ ಕಥೆಯಾದಾಗ ಕ್ರಮ ತಿರುಗುಮುರುಗು. ಮೊದಲು ಪಿಯಾನೊ ಧ್ವನಿಮುದ್ರಣ, ಆಮೇಲೆ ಚಿತ್ರ. ಕಾರಣ ಲಿಸ್ಟನ ಕೃತಿಯಲ್ಲೇ ಇದೆ.

‘ಹಂಗೇರಿಯನ್ ರ‍್ಯಾಪ್ಸಡಿ ಸಂಖ್ಯೆ 2’ ಎಂಬುದು 1847ರಲ್ಲಿ ರಚನೆಯಾಗಿ 1851ರಲ್ಲಿ ಅಚ್ಚಾದ ಪಿಯಾನೊ ಕೃತಿ. ಅದಕ್ಕೆ ಎರಡು ಭಾಗ. ಮೊದಲನೆಯದು ಲಶ್ಶಾನ್: ವಿಳಂಬ, ಗಂಭೀರ, ಸ್ವಲ್ಪ ಅತಿ ಅನ್ನಿಸುವಷ್ಟು ದುಃಖ. ಎರಡನೆಯದು ಫ್ರಿಶ್ಕ: ಪಿಸುಗುಟ್ಟಿದಂತೆ ಶುರುವಾಗಿ, ಓಡಿ, ಕುಣಿದು, ಕೊನೆಗೆ ಹುಚ್ಚೇ ಹಿಡಿದಂತೆ ಮುಗಿಯುವ ದ್ರುತ. ಹಂಗೇರಿಯ ರೋಮಾ ವಾದ್ಯಗಾರರ ಕುಣಿತದ ಸಂಗೀತದಲ್ಲಿ ಈ ನಿಧಾನ–ವೇಗದ ಜೋಡಿ ಮೊದಲಿನಿಂದಲೂ ಇತ್ತು. ಲಿಸ್ಟ್ ಅದನ್ನು ಸಭಾಂಗಣಕ್ಕೆ ತಂದ. ಆರಂಭದಲ್ಲೇ ಆತ ‘ನಿಧಾನವಾಗಿ, ಮನಸ್ಸಿಗೆ ಬಂದಂತೆ’ ಎಂಬರ್ಥದ ಸೂಚನೆ ಬರೆದಿಟ್ಟಿದ್ದಾನೆ.

ಆ ‘ಮನಸ್ಸಿಗೆ ಬಂದಂತೆ’ ಎಂಬುದೇ ಅನಿಮೇಟರನ ಪಾಲಿಗೆ ಫಜೀತಿ. ಒಳ್ಳೆಯ ಪಿಯಾನೊ ವಾದಕ ಲಶ್ಶಾನನ್ನು ಗಡಿಯಾರದಂತೆ ನುಡಿಸುವುದಿಲ್ಲ. ಒಂದು ಸ್ವರವನ್ನು ಜಗ್ಗುತ್ತಾನೆ, ಮುಂದಿನ ಎರಡನ್ನು ಅವಸರಿಸುತ್ತಾನೆ. ಸಮ ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳಲಾಗದು. ‘ಟಿಕ್ ಟಿಕ್’ ಹಾಕಿಕೊಂಡು ನುಡಿಸಿದರೆ ಸಂಗೀತ ಸತ್ತುಹೋಗುತ್ತದೆ. ಹಾಗಾಗಿ ವಾದಕನನ್ನು ಅವನ ಪಾಡಿಗೆ ನುಡಿಸಲು ಬಿಟ್ಟು, ಮುದ್ರಿತವಾದ ಧ್ವನಿಪಟ್ಟಿಯನ್ನು ಕುಳಿತು ಓದಬೇಕು. ಆಗ ಧ್ವನಿ ಫಿಲ್ಮಿನ ಮೇಲೆಯೇ ಬೆಳಕಿನ ಗೆರೆಯಾಗಿ ಇರುತ್ತಿತ್ತು. ಸಂಕಲನಕಾರ ಅದನ್ನು ಹಿಂದಕ್ಕೂ ಮುಂದಕ್ಕೂ ನಿಧಾನ ಎಳೆದು ಕೇಳುತ್ತ, ಯಾವ ಫ್ರೇಮಿನಲ್ಲಿ ಯಾವ ಪೆಟ್ಟು ಎಂದು ಗುರುತು ಹಾಕಿ, ಅದನ್ನೆಲ್ಲ ಹಾಳೆಗೆ ಇಳಿಸಬೇಕು. ಏಳೂವರೆ ನಿಮಿಷದ ಕಾರ್ಟೂನ್ ಎಂದರೆ 10,800 ಫ್ರೇಮ್. ಕಂಪ್ಯೂಟರ್ ಇರಲಿಲ್ಲ ಎಂದಿರಲ್ಲ, ಆ ಕೆಲಸವನ್ನು ಮಾಡಿದ್ದು ಒಂದು ಕಿವಿ, ಒಂದು ಮೊಂಡು ಪೆನ್ಸಿಲ್ಲು, ಜೊತೆಗೆ ಸಾಕಷ್ಟು ಕಾಫಿ ಎಂದು ನನ್ನ ಅಂದಾಜು.

ಪಿಯಾನೊ ಇದಕ್ಕೆ ಸುಲಭವೂ ಹೌದು, ನಿರ್ದಯಿಯೂ ಹೌದು. ಪಿಟೀಲಿನ ಸ್ವರ ಮೆಲ್ಲಗೆ ಹುಟ್ಟುತ್ತದೆ. ಕಮಾನು ಎರಡು ಫ್ರೇಮ್ ಹಿಂದೆ ಮುಂದೆ ಆದರೂ ಯಾರಿಗೂ ತಿಳಿಯುವುದಿಲ್ಲ. ಪಿಯಾನೊದ್ದು ಸುತ್ತಿಗೆ ಪೆಟ್ಟು. ಶಬ್ದ ಒಂದೇ ಕ್ಷಣದಲ್ಲಿ ಹುಟ್ಟುವುದರಿಂದ ಧ್ವನಿಪಟ್ಟಿಯಲ್ಲಿ ಅದರ ಜಾಗ ಸ್ಪಷ್ಟವಾಗಿ ಸಿಗುತ್ತದೆ. ಅದೇ ಕಾರಣಕ್ಕೆ ಕೈ ಮೂರು ಫ್ರೇಮ್ ತಡವಾಗಿ ಬಿದ್ದರೆ ನಿಮ್ಮ ಮಗಳಂಥ ಮಕ್ಕಳು ಕೂಡಲೇ ಹಿಡಿಯುತ್ತಾರೆ. ಅನುಭವಿ ಅನಿಮೇಟರುಗಳು ಹೊಡೆತದ ಚಿತ್ರವನ್ನು ಶಬ್ದಕ್ಕಿಂತ ಒಂದೆರಡು ಫ್ರೇಮ್ ಮುಂಚೆಯೇ ಇಡುವುದುಂಟು. ಲೆಕ್ಕದಲ್ಲಿ ಕರಾರುವಾಕ್ಕಾಗಿ ಒಂದೇ ಫ್ರೇಮಿನಲ್ಲಿ ಇಟ್ಟರೆ ಕೈ ತಡವಾದಂತೆ ಕಾಣುತ್ತದೆ. ತುಸು ಮುಂದಿಟ್ಟರೆ ಸರಿಯಾಗಿ ಬಿದ್ದಂತೆ ಅನ್ನಿಸುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಾಗ ಮೊದಲ ದಿನ ಯಾರೂ ನಂಬುವುದಿಲ್ಲ.

ಮಂಕುಬೂದಿಯ ವಿಷಯ ಹೇಳಿದೆನಲ್ಲ, ಅದು ಫ್ರಿಶ್ಕದಲ್ಲಿದೆ. ಲೆಕ್ಕ ಹಾಕಿ: 8ರ ಬೀಟಿನಲ್ಲಿ ಒಂದು ಬೀಟಿಗೆ ನಾಲ್ಕು ಸ್ವರ ಬಂದರೆ ಒಂದು ಸ್ವರಕ್ಕೆ ಸಿಗುವುದು ಎರಡೇ ಫ್ರೇಮ್. ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದಿಡುವುದು ರೂಢಿ. ಅಂದರೆ ಒಂದು ಸ್ವರಕ್ಕೆ ಒಂದೇ ಚಿತ್ರ. ಬೆರಳು ಕೆಳಗಿಳಿದದ್ದನ್ನು ತೋರಿಸಿದರೆ ಎದ್ದದ್ದನ್ನು ತೋರಿಸಲು ಜಾಗವಿಲ್ಲ! ಒಂದೊಂದು ಫ್ರೇಮಿಗೂ ಹೊಸ ಚಿತ್ರ ಬರೆದರೂ ಕಥೆ ಅಷ್ಟೇನೂ ಸುಧಾರಿಸದು. ಅಂಥ ಕಡೆ ಅನಿಮೇಟರು ಬೆರಳನ್ನು ಬಿಟ್ಟುಕೊಟ್ಟು ಇಡೀ ಕೈಯ ಓಟವನ್ನು ಬರೆಯುತ್ತಾರೆ. ಕೈ ಮಸುಕಾಗಬಹುದು, ಒಂದರ ಪಕ್ಕ ಇನ್ನೊಂದು ನೆರಳಿನಂತೆ ಮೂಡಬಹುದು. ಸ್ವರಗಳ ಗೊಂಚಲಿನ ಮೊದಲ ಪೆಟ್ಟು ಮತ್ತು ಕೊನೆಯ ಪೆಟ್ಟು ಮಾತ್ರ ಕರಾರುವಾಕ್ಕು, ನಡುವಿನದೆಲ್ಲ ಸುಂಟರಗಾಳಿ. ನಿಧಾನ ಭಾಗದಲ್ಲಿ ಟಾಮ್ ಎಷ್ಟು ಶಾಸ್ತ್ರೀಯವಾಗಿ ಕೈ ಇಟ್ಟನೆಂದು ನಾವು ನೋಡಿಬಿಟ್ಟಿದ್ದೇವೆ, ಆದ್ದರಿಂದ ವೇಗದಲ್ಲಿ ಏನು ತೋರಿಸಿದರೂ ನಂಬುತ್ತೇವೆ. ಮೊದಲು ವಿಶ್ವಾಸ ಸಂಪಾದಿಸಿ ಆಮೇಲೆ ಸಾಲ ಎತ್ತುವವರ ಹಾಗೆ.

ಪಿಯಾನೊದ ಒಳಗನ್ನು ಕೂಡ ಇವರು ಚೆನ್ನಾಗಿ ನೋಡಿಕೊಂಡೇ ಬರೆದಿದ್ದಾರೆ. ಗ್ರಾಂಡ್ ಪಿಯಾನೊದಲ್ಲಿ 88 ಕೀ; ಒಂದನ್ನು ಒತ್ತಿದರೆ ಒಳಗೆ ಉಣ್ಣೆಯ ತಲೆಯ ಪುಟ್ಟ ಸುತ್ತಿಗೆಯೊಂದು ಕೆಳಗಿನಿಂದ ಮೇಲೆ ಎದ್ದು ತಂತಿಗೆ ಬಡಿಯುತ್ತದೆ. ಜೆರ್ರಿ ಮಲಗಿರುವುದು ಆ ಸುತ್ತಿಗೆಗಳ ಸಾಲಿನ ಮೇಲೆ. ಹಾಗಾಗಿ ಟಾಮ್ ನುಡಿಸತೊಡಗಿದ ಕೂಡಲೇ ಅವನ ಹಾಸಿಗೆಯೇ ಅವನನ್ನು ಎತ್ತೆತ್ತಿ ಹಾಕುತ್ತದೆ. ತರ್ಕ ಸರಿಯಾಗಿದೆ. ಅಳತೆ ಮಾತ್ರ ಸುಳ್ಳು: ಸುತ್ತಿಗೆಗೂ ತಂತಿಗೂ ನಡುವೆ ನಿಜದಲ್ಲಿ ಐದು ಸೆಂಟಿಮೀಟರೂ ಇರುವುದಿಲ್ಲ, ಜೆರ್ರಿ ಅಲ್ಲಿ ಕುಣಿಯುವುದಿರಲಿ, ತಲೆ ಎತ್ತಲೂ ಆಗದು. ಕೀಗಳನ್ನು ಹಲ್ಲು ಕಿತ್ತಂತೆ ತೆಗೆದು ಆ ಜಾಗದಲ್ಲಿ ಸ್ಪ್ರಿಂಗಿನ ಇಲಿಬೋನು ಇಡುವುದೂ ಅಸಾಧ್ಯ. ನಮಗೆ ಕಾಣುವ ಬಿಳಿ ಪಟ್ಟಿ ಒಳಗೆ ಉದ್ದಕ್ಕೆ ಹೋಗುವ ಸನ್ನೆಕೋಲಿನ ತುದಿ ಅಷ್ಟೇ. ಇದನ್ನೆಲ್ಲ ತಪ್ಪು ಎಂದು ಹೇಳುತ್ತಿಲ್ಲ. ಯಂತ್ರದ ನಿಯಮ ಗೊತ್ತಿದ್ದವರು ಬೇಕಾದಲ್ಲಿ ಮಾತ್ರ ಮುರಿದಿದ್ದಾರೆ.

ಆ ಇಲಿಬೋನಿನ ಪ್ರಸಂಗ ಇಡೀ ಕಾರ್ಟೂನಿನಲ್ಲಿ ನನಗೆ ಬಹಳ ಇಷ್ಟ. ಅದಕ್ಕೆ ಸ್ವಲ್ಪ ಮುಂಚೆ ಜೆರ್ರಿ ಕತ್ತರಿ ಹಿಡಿದು, ಟಾಮ್‌ನ ಬೆರಳು ಕೀಬೋರ್ಡಿನ ತುದಿಗೆ ಬಂದಾಗಲೆಲ್ಲ ಕತ್ತರಿಸಲು ನೋಡುತ್ತಾನೆ. ಪ್ರತಿ ಸಲವೂ ಸ್ವಲ್ಪದರಲ್ಲಿ ತಪ್ಪುತ್ತದೆ, ಸಂಗೀತವೂ ಬೆರಳನ್ನು ಅಲ್ಲಿಗೇ ಮರಳಿ ಕರೆಯುತ್ತದೆ. ಆಮೇಲೆ ಬೋನು. ಟಾಮ್‌ನ ಬೆರಳುಗಳು ಬೋನಿನ ಆಚೆಗಿನ ಕೀ, ಈಚೆಗಿನ ಕೀ, ಮತ್ತೆ ಆಚೆ, ಮತ್ತೆ ಈಚೆ ಹೀಗೆ ಓಡಾಡುತ್ತವೆ. ಲಿಸ್ಟ್ ಬರೆದ ಸ್ವರಗಳೇ ಬೆರಳನ್ನು ಅಪಾಯದ ಎರಡೂ ಬದಿಗೆ ನೆಗೆಸುತ್ತಿವೆ. ನಮಗೆ ಮುಂದಾಗುವುದು ಗೊತ್ತು, ಟಾಮ್‌ಗೆ ಗೊತ್ತಿಲ್ಲ, ಸಂಗೀತಕ್ಕೂ ಗೊತ್ತಿದೆ ಅನ್ನಿಸುತ್ತದೆ. ಹಿನ್ನೆಲೆಗೆ ಸಂಗೀತ ಹಾಕಿ ಮುಂದೆ ಹೊಡೆದಾಟ ಬಿಟ್ಟಿದ್ದರೆ ಇದು ಹುಟ್ಟುತ್ತಿರಲಿಲ್ಲ. ಸ್ವರಲಿಪಿಯನ್ನು ಓದಿ, ‘ಎಲ್ಲಿ ಬೆರಳು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ’ ಎಂದು ಹುಡುಕಿದವರಿಗೆ ಮಾತ್ರ ಹೊಳೆಯುವ ಹಾಸ್ಯ.

ಇಡೀ ಕಾರ್ಟೂನನ್ನು ಹಿಡಿದಿಟ್ಟಿರುವ ನಿಯಮವೂ ಒಂದಿದೆ. ಕಛೇರಿ ನಿಲ್ಲುವಂತಿಲ್ಲ. ಬೇರೆ ಕಂತುಗಳಲ್ಲಿ ಟಾಮ್‌ಗೆ ಓಡಲು ಮನೆಯಿದೆ, ಹೊಡೆಯಲು ಬಾಣಲೆಯಿದೆ. ಇಲ್ಲಿ ಆತ ಕೂತ ಸ್ಟೂಲಿನಿಂದ ಏಳುವಂತಿಲ್ಲ; ಎದುರಿಗೆ ಸಭೆ ತುಂಬಿದೆ, ಮೈಮೇಲೆ ಬಾಲದ ಕೋಟಿದೆ, ಮುಖದ ಮೇಲೆ ಘನತೆಯಿದೆ. ಒಂದು ಕೈ ಇಲಿಯನ್ನು ಬಡಿಯಲು ಹೋದರೆ ಇನ್ನೊಂದು ನುಡಿಸುತ್ತಿರಬೇಕು. ಎರಡೂ ಕೈ ಬೇಕಾದಾಗ ಕಾಲಲ್ಲಿ ನುಡಿಸುತ್ತಾನೆ. ಬೆರಳ ಮೇಲೆ ಮುಚ್ಚಳ ಬಿದ್ದರೂ, ಸ್ಟೂಲನ್ನು ಜೆರ್ರಿ ಮೇಲಕ್ಕೆ ತಿರುಗಿಸಿ ಧಡಾರನೆ ಇಳಿಸಿದರೂ ಕೃತಿ ಮುಂದುವರಿಯಬೇಕು. ಏಳೂ ಚಿಲ್ಲರೆ ನಿಮಿಷದಲ್ಲಿ ಒಂದು ಮಾತಿಲ್ಲ, ದೃಶ್ಯ ಸಭಾಂಗಣ ಬಿಟ್ಟು ಹೊರಗೆ ಹೋಗುವುದಿಲ್ಲ. ಇಂಗ್ಲಿಷ್ ಬಾರದ ನಮ್ಮ ಅಜ್ಜಿಯರೂ ಮೊಮ್ಮಕ್ಕಳ ಪಕ್ಕ ಕೂತು ನಕ್ಕದ್ದು ಸುಮ್ಮನೆ ಅಲ್ಲ.

ಟಾಮ್ ಕೂತ ಭಂಗಿಯ ಹಿಂದೆಯೂ ಲಿಸ್ಟನೇ ಇದ್ದಾನೆ. ಪಿಯಾನೊವನ್ನು ಸಭೆಗೆ ಅಡ್ಡಲಾಗಿಟ್ಟು ತನ್ನ ಮುಖದ ಪಕ್ಕನೋಟ ಜನಕ್ಕೆ ಕಾಣುವಂತೆ ಕೂರುವುದು, ಸ್ವರಲಿಪಿ ನೋಡದೆ ಬಾಯಿಪಾಠವಾಗಿ ನುಡಿಸುವುದು, ಇಡೀ ಸಂಜೆ ಒಬ್ಬನೇ ಕಛೇರಿ ಕೊಡುವುದು ಇವನ್ನೆಲ್ಲ ರೂಢಿಗೆ ತಂದ ಶ್ರೇಯಸ್ಸು ಬಹುಮಟ್ಟಿಗೆ ಆತನಿಗೇ ಸಲ್ಲುತ್ತದೆ. ಆತನ ಹಿಂದೆ ಬಿದ್ದ ಅಭಿಮಾನಿಗಳ ಉನ್ಮಾದಕ್ಕೆ ಕವಿ ಹೈನೆ 1844ರಲ್ಲಿ ‘ಲಿಸ್ಟೊಮೇನಿಯ’ ಎಂದೇ ಹೆಸರಿಟ್ಟ. ಕಣ್ಣು ಅರೆಮುಚ್ಚಿ, ಮೂಗು ಮೇಲೆತ್ತಿ ಕೂತ ಟಾಮ್‌ನಲ್ಲಿ ಅಣಕವಾಗುತ್ತಿರುವುದು ಈ ಪರಂಪರೆ. ಅಣಕ ಇದೆ ಎಂದು ಸಂಗೀತವನ್ನು ಮಾತ್ರ ಕೆಡಿಸಿಲ್ಲ. ನಡುವೆ ಜೆರ್ರಿ ಸುತ್ತಿಗೆಗಳ ಮೇಲೆ ಕುಣಿದು ಕೃತಿಯನ್ನು ಆ ಕಾಲದ ಜನಪ್ರಿಯ ಹಾಡೊಂದಕ್ಕೆ ತಿರುಗಿಸುತ್ತಾನಲ್ಲ, ಅದು ‘ಆನ್ ದಿ ಆಚಿಸನ್, ಟೊಪೀಕ ಅಂಡ್ ದಿ ಸಾಂತಾ ಫೆ’, ಅದೇ ಎಂಜಿಎಂನ 1946ರ ‘ದಿ ಹಾರ್ವಿ ಗರ್ಲ್ಸ್’ ಚಿತ್ರದ ರೈಲಿನ ಹಾಡು. ಅತ್ಯುತ್ತಮ ಹಾಡಿನ ಆಸ್ಕರ್ ಕೂಡ ಅದಕ್ಕೇ ಬಂತು. ಮನೆಯ ಹಾಡು, ಯಾರಿಗೂ ಕಾಸು ಕೊಡಬೇಕಿಲ್ಲ. ಲಿಸ್ಟ್ ಸತ್ತದ್ದು 1886ರಲ್ಲಿ, ಅವನಿಗೂ ಕೊಡಬೇಕಿಲ್ಲ. ಕಾರ್ಟೂನುಗಳಲ್ಲಿ ಶಾಸ್ತ್ರೀಯ ಸಂಗೀತ ಅಷ್ಟೊಂದು ಕೇಳುವುದಕ್ಕೆ ರಸಿಕತೆ ಒಂದು ಕಾರಣವಾದರೆ ಜಿಪುಣತನ ಇನ್ನೊಂದು.

ಇನ್ನು ಕಳ್ಳತನದ ಪ್ರಶ್ನೆ. ನಿಮ್ಮ ಗೆಳೆಯರು ಹೇಳಿದ್ದು ವಾರ್ನರ್ ಬ್ರದರ್ಸ್‌ನ ‘ರ‍್ಯಾಪ್ಸಡಿ ರ‍್ಯಾಬಿಟ್’ ಬಗ್ಗೆ. ನಿರ್ದೇಶಕ ಫ್ರಿಜ್ ಫ್ರೆಲೆಂಗ್, ಬಿಡುಗಡೆ 1946ರ ನವೆಂಬರ್ 9. ಅಲ್ಲೂ ಬಾಲದ ಕೋಟು, ಅಲ್ಲೂ ಇದೇ ಎರಡನೆಯ ರ‍್ಯಾಪ್ಸಡಿ, ಅಲ್ಲೂ ಪಿಯಾನೊದೊಳಗೆ ಇಲಿ, ಅಲ್ಲೂ ನಡುವೆ ಜಾಝ್‌ಗೆ ಜಿಗಿತ, ಅಲ್ಲೂ ಕೊನೆಯ ಭಾಗ ಇಲಿಯ ಪಾಲು. ‘ಕ್ಯಾಟ್ ಕನ್ಸರ್ಟೊ’ ಎಲ್ಲೆಡೆ ಬಿಡುಗಡೆಯಾದದ್ದು 1947ರ ಏಪ್ರಿಲ್ 26ಕ್ಕೆ, ಐದೂವರೆ ತಿಂಗಳ ನಂತರ. ಅದಕ್ಕೂ ಮೊದಲೇ, ಮಾರ್ಚ್ 13ರ ಸಮಾರಂಭದಲ್ಲಿ ಆಸ್ಕರ್ ಅದರ ಪಾಲಾಗಿತ್ತು. ವಾರ್ನರ್‌ನ ಮೊಲಕ್ಕೆ ನಾಮನಿರ್ದೇಶನವೂ ಸಿಗಲಿಲ್ಲ. ಪ್ರಶಸ್ತಿಯ ಆಯ್ಕೆಗಾಗಿ ಎರಡನ್ನೂ ತೋರಿಸಿದಾಗ ಎಂಜಿಎಂನದು ಮೊದಲು ಬಂದು, ನಂತರ ಬಂದ ವಾರ್ನರ್‌ನದು ನಕಲಿನಂತೆ ಕಂಡಿತು, ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಆರೋಪ ಹೊರಿಸಿದರು ಎಂಬ ಕಥೆ ಅನಿಮೇಶನ್ನಿನವರ ನಡುವೆ ಬಹಳ ವರ್ಷದಿಂದ ಓಡಾಡುತ್ತಿದೆ. ಬಣ್ಣದ ಪ್ರತಿ ತೆಗೆಯುತ್ತಿದ್ದ ಟೆಕ್ನಿಕಲರ್ ಪ್ರಯೋಗಾಲಯದಿಂದ ಒಬ್ಬರ ರೀಲು ಇನ್ನೊಬ್ಬರಿಗೆ ಹೋಯಿತು ಎಂದೂ ಹೇಳುತ್ತಾರೆ. ಇದು ಸಾಬೀತಾದ ಮಾತಲ್ಲ.

ನನ್ನ ತೀರ್ಮಾನ ಕೇಳಿದರೆ, ಬಿಡುಗಡೆಯ ತಾರೀಖು ಹಿಡಿದು ‘ಆಮೇಲೆ ಬಂದದ್ದು ಕದ್ದದ್ದು’ ಎನ್ನುವುದು ಸುಲಭ, ಆದರೆ ನಿಲ್ಲುವ ವಾದವಲ್ಲ. ಏಳೆಂಟು ನಿಮಿಷದ ಕಾರ್ಟೂನಿಗೆ ಕಥೆಯಿಂದ ಪ್ರತಿ ಕೈಗೆ ಬರುವವರೆಗೆ ವರ್ಷವಾದರೂ ಹಿಡಿಯುತ್ತಿತ್ತು. ನವೆಂಬರಿನಲ್ಲಿ ಚಿತ್ರಮಂದಿರದಲ್ಲಿ ನೋಡಿ ಬಂದು ಮಾರ್ಚಿಗೆ ಆಸ್ಕರ್ ಗೆಲ್ಲುವುದು ಆಗದ ಹೋಗದ ಮಾತು. ಎರಡೂ ಒಂದೇ ಹೊತ್ತಿನಲ್ಲಿ ಒಲೆಯ ಮೇಲಿದ್ದವು.

ಒಂದೇ ಹೊತ್ತಿನಲ್ಲಿ ಏಕೆ ಎಂದರೆ, ಆಗ ಗಾಳಿಯಲ್ಲೇ ಪಿಯಾನೊ ಇತ್ತು. ಪಿಯಾನೊ ಸಂಯೋಜಕ ಚಾಪಿನ್ ಜೀವನದ ಮೇಲೆ 1945ರಲ್ಲಿ ಬಂದ ಸಿನಿಮಾ ಜನಪ್ರಿಯವಾಗಿತ್ತು. ಅದೇ ವರ್ಷ ಎಂಜಿಎಂನ ‘ಆಂಕರ್ಸ್ ಅವೇ’ ಸಿನಿಮಾದಲ್ಲಿ ಪಿಯಾನೊ ವಾದಕ ಹೋಸೆ ಇತುರ್ಬಿ ಹಾಲಿವುಡ್ ಬೌಲ್ ಬಯಲು ರಂಗದಲ್ಲಿ ಎಳೆಯ ವಾದಕರ ದಂಡನ್ನೇ ಕೂರಿಸಿಕೊಂಡು ಇದೇ ರ‍್ಯಾಪ್ಸಡಿ ನುಡಿಸಿದ್ದ. ಆ ಚಿತ್ರದಲ್ಲೇ ನಟ, ನರ್ತಕ ಜೀನ್ ಕೆಲ್ಲಿಯ ಜೊತೆ ಜೆರ್ರಿ ಕುಣಿಯುವ ದೃಶ್ಯವಿದೆ. ಅದನ್ನು ಮಾಡಿದ್ದು ಹಾನ್ನಾ–ಬಾರ್ಬೆರಾ ತಂಡ. ಲಿಸ್ಟ್ ಅವರ ಕಿವಿಗೆ ಅಲ್ಲಿಂದಲೇ ಅಂಟಿಕೊಂಡಿರಬೇಕು ಎಂಬುದು ನನ್ನ ಊಹೆ. ಅತ್ತ ಫ್ರೆಲೆಂಗ್ ಇನ್ನೂ ಹಿಂದೆಯೇ, 1941ರ ‘ರ‍್ಯಾಪ್ಸಡಿ ಇನ್ ರಿವೆಟ್ಸ್’ನಲ್ಲಿ, ಇದೇ ಕೃತಿಗೆ ಕಟ್ಟಡ ಕಟ್ಟುವವರನ್ನು ಕುಣಿಸಿದ್ದ. ಅವನಿಗೂ ಯಾರಿಂದಲೂ ಕಡ ತರಬೇಕಿರಲಿಲ್ಲ. 1946ರ ಸಾಲಿನ ನಾಮನಿರ್ದೇಶನದ ಐದರಲ್ಲಿ ವಾಲ್ಟರ್ ಲ್ಯಾಂಟ್ಸ್ ನಿರ್ಮಾಣದ, ಚಾಪಿನ್ ಸಂಗೀತದ ಪಿಯಾನೊ ಕಾರ್ಟೂನೊಂದೂ ಇತ್ತು. ಹೀಗಿದ್ದರೂ ಇಲಿ, ಜಾಝ್, ಕೊನೆಯ ಭಾಗ ಇಷ್ಟೂ ಕಾಕತಾಳೀಯ ಎಂದರೆ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಎರಡು ಸ್ಟುಡಿಯೊದ ಕೆಲಸಗಾರರು ಒಬ್ಬರಿಗೊಬ್ಬರು ಅಪರಿಚಿತರೇನಲ್ಲ. ಊಟದ ಹೊತ್ತಿನಲ್ಲಿ ಆಡಿದ ಮಾತು ಗೋಡೆ ದಾಟಲು ರೀಲೇ ಬೇಕೆಂದಿಲ್ಲ.

ಎರಡನ್ನೂ ಒಂದರ ಹಿಂದೊಂದು ನೋಡಿದರೆ ಮಾತ್ರ ಕದಿಯಲಾಗದ್ದು ಯಾವುದು ಎಂದು ತಿಳಿಯುತ್ತದೆ. ಬಗ್ಸ್ ಬನ್ನಿಗೆ ಸಭೆಯ ಭಯವಿಲ್ಲ. ಕೆಮ್ಮಿದವನಿಗೆ ಅಲ್ಲೇ ಗುಂಡು ಹೊಡೆಯುತ್ತಾನೆ. ನಡುವೆ ಫೋನ್ ಬಂದರೆ ಎತ್ತಿ, ಲಿಸ್ಟನೇ ಯಾರೆಂದು ತನಗೆ ಗೊತ್ತಿಲ್ಲವೆಂದು ಹೇಳಿ ಇಟ್ಟುಬಿಡುತ್ತಾನೆ. ಕಛೇರಿ ಅವನಿಗೆ ಆಟ, ಆದ್ದರಿಂದ ಅದು ಕೆಟ್ಟರೂ ಅವನದ್ದೇನೂ ಹೋಗುವುದಿಲ್ಲ. ಟಾಮ್‌ಗೆ ಕಛೇರಿಯೇ ಮಾನ. ಹಾಸ್ಯದಲ್ಲಿ ಕಳೆದುಕೊಳ್ಳಲು ಏನಾದರೂ ಇರುವವನ ಕಡೆಗೇ ನನ್ನ ಮತ. ಪಿಯಾನೊ ವಾದನ ಮಾತ್ರ ವಾರ್ನರ್‌ನದರಲ್ಲಿ ಯಾವ ರೀತಿಯಲ್ಲೂ ಕಡಿಮೆಯಿಲ್ಲ. ಅಲ್ಲಿ ನುಡಿಸಿದವನು ಯಾಕೋಬ್ ಗಿಂಪೆಲ್ ಎಂಬ ದೊಡ್ಡ ಕಲಾವಿದ.

ಮಗಳ ವಿಷಯಕ್ಕೆ ಮರಳುತ್ತೇನೆ. ಈ ಕಾರ್ಟೂನ್ ಹೊಡೆದಾಟದ್ದು, ಸಂಗೀತ ಕಲಿಯುವ ಮಗುವಿಗೆ ಬೇಡ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಚೀನಾದ ಪಿಯಾನೊ ಕಲಾವಿದ ಲಾಂಗ್ ಲಾಂಗ್ ಎರಡು ವರ್ಷದ ಮಗುವಾಗಿದ್ದಾಗ ಟಾಮ್ ಇದನ್ನು ನುಡಿಸುವುದನ್ನು ಟಿವಿಯಲ್ಲಿ ನೋಡಿಯೇ ಪಿಯಾನೊದ ಹುಚ್ಚು ಹತ್ತಿತು ಎಂದು ಸ್ವತಃ ಹೇಳಿಕೊಂಡಿದ್ದಾನೆ. ಮೂರನೆಯ ವಯಸ್ಸಿಗೆ ಪಾಠ ಶುರುವಾಯಿತು.

ಮುಂದಿನ ಸಲ ಅವಳ ಜೊತೆ ನೋಡುವಾಗ ಮೊದಲು ಧ್ವನಿ ಪೂರ್ತಿ ತೆಗೆದು ಲಶ್ಶಾನ್ ಭಾಗ ನೋಡಿ. ಬೆರಳು ಬಿಟ್ಟು ಟಾಮ್‌ನ ಭುಜವನ್ನಷ್ಟೇ ನೋಡುತ್ತ, ಸ್ವರ ಬಿದ್ದಿತು ಅನ್ನಿಸಿದಾಗಲೆಲ್ಲ ಅವಳು ಮೇಜು ತಟ್ಟಲಿ. ಆಮೇಲೆ ಧ್ವನಿ ಹಾಕಿ ತಾಳೆ ನೋಡಿ. ಶಬ್ದವಿಲ್ಲದೆಯೂ ಅವಳು ಬಹುಪಾಲು ಸರಿಯಾಗಿ ತಟ್ಟಿರುತ್ತಾಳೆ. ಬಳಿಕ ಕೊನೆಯ ಒಂದೂವರೆ ನಿಮಿಷ. ಅಲ್ಲಿ ಟಾಮ್ ಜೆರ್ರಿಯನ್ನು ಸುತ್ತಿಗೆಗಳ ನಡುವೆ ತುರುಕಿ ಹುಚ್ಚನಂತೆ ನುಡಿಸುತ್ತಾನೆ. ಸಿಟ್ಟಿಗೆದ್ದ ಜೆರ್ರಿ ಎರಡು ಸುತ್ತಿಗೆ ಮುರಿದುಕೊಂಡು ತಾನೇ ತಂತಿಗೆ ಬಡಿಯತೊಡಗುತ್ತಾನೆ. ಅಲ್ಲಿಂದ ಮುಂದೆ ಸಂಗೀತ ಬೆಕ್ಕಿನ ಕೈಯಲ್ಲಿಲ್ಲ. ಮುಗಿಯಿತು ಎಂದು ಟಾಮ್ ಉಸಿರು ಬಿಟ್ಟಾಗಲೆಲ್ಲ ಜೆರ್ರಿ ಮತ್ತೆ ಶುರು ಮಾಡುತ್ತಾನೆ, ಅದೂ ಎರಡೆರಡು ಸಲ. ನಿಜವಾಗಿಯೂ ಮುಗಿಯುವ ಹೊತ್ತಿಗೆ ಟಾಮ್ ಚಿಂದಿಯಾಗಿ ಕುಸಿದಿರುತ್ತಾನೆ, ಬೆಳಕಿನ ವೃತ್ತ ಜೆರ್ರಿಯ ಮೇಲೆ ಬಿದ್ದಿರುತ್ತದೆ. ಟಾಮ್‌ನ ಕೈ ಎಲ್ಲಿಯವರೆಗೆ ನುಡಿಸುತ್ತಿದೆ, ಎಲ್ಲಿಂದ ಬರೀ ಬೆನ್ನಟ್ಟುತ್ತಿದೆ ಎಂದು ಅವಳು ಕಂಡುಹಿಡಿದರೆ ನನಗೆ ಬರೆದು ತಿಳಿಸಿ. ಇಷ್ಟವಾದರೆ 1953ರ ‘ಜೊಹಾನ್ ಮೌಸ್’ ತೋರಿಸಿ: ಇದೇ ಬೆಕ್ಕು ಇಲಿ, ಊರು ವಿಯೆನ್ನಾ, ಸಂಗೀತ ಸ್ಟ್ರಾಸ್‌ನದು. ಪಿಯಾನೊಕ್ಕೆ ಕೂತವನು, ಒಂದು ಕಾಲಕ್ಕೆ ಎದುರು ಪಾಳೆಯದ ಮೊಲಕ್ಕೆ ನುಡಿಸಿದ್ದ ಅದೇ ಗಿಂಪೆಲ್.